ಆಲ್ಪ್‌ಶ್ಪಿಟ್ಸೆ ಹತ್ತಬೇಕೆ? ಗಾರ್ಮಿಶ್‌ನ ಕಬ್ಬಿಣದ ಹಗ್ಗದ ದಾರಿ, ಮೊದಲಿಂದ ಕೊನೆಯವರೆಗೆ

ಬೇಸಿಗೆ ಹತ್ತಿರ ಬಂದ ಹಾಗೆ ಮ್ಯೂನಿಕ್‌ ಸುತ್ತಮುತ್ತಲಿನ ಕನ್ನಡದವರು ಕೇಳುವ ಪ್ರಶ್ನೆ ಒಂದೇ. "ಆಲ್ಪ್‌ಶ್ಪಿಟ್ಸೆ ನಮ್ಮ ಕೈಲಿ ಆಗುತ್ತಾ? ಬಂಡೆ ಹತ್ತಿ ಅಭ್ಯಾಸವೇ ಇಲ್ವಲ್ಲ." ಈಗೀಗ ಬೆಂಗಳೂರಿನಿಂದ ರಜೆಗೆ ಬರುವವರೂ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಆಲ್ಪ್‌ಶ್ಪಿಟ್ಸೆ ಜರ್ಮನಿಯ ದಕ್ಷಿಣ ತುದಿಯಲ್ಲಿ, ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್ ಊರಿನ ನೆತ್ತಿಯ ಮೇಲಿದೆ. ಎತ್ತರ 2628 ಮೀಟರ್. ಪಕ್ಕದಲ್ಲೇ ಜರ್ಮನಿಯ ಅತಿ ಎತ್ತರದ ತ್ಸುಗ್‌ಶ್ಪಿಟ್ಸೆ (2962 ಮೀಟರ್) ಇರುವುದರಿಂದ ಲೆಕ್ಕದಲ್ಲಿ ಇದು ತಮ್ಮನೇ. ಆದರೆ ಊರಿನಿಂದ ನೋಡಿದಾಗ ಕಣ್ಣು ಮೊದಲು ಹೋಗುವುದು ಇದರ ಮುಕ್ಕೋನದ ಚೂಪು ಶಿಖರಕ್ಕೇ. ಇದರ ಉತ್ತರದ ಗೋಡೆಯ ಮೇಲೆ ಆಲ್ಪ್‌ಶ್ಪಿಟ್ಸ್ ಫೆರಾಟಾ ಎಂಬ ದಾರಿ ಇದೆ. ಬಂಡೆಗೆ ಉಕ್ಕಿನ ಹಗ್ಗ ಬಿಗಿದು, ಕಾಲಿಡಲು ಕಬ್ಬಿಣದ ಮೆಟ್ಟಿಲು, ಗೂಟಗಳನ್ನು ನೆಟ್ಟಿದ್ದಾರೆ. ಇಂಥ ದಾರಿಗಳಿಗೆ ಜರ್ಮನಿಯಲ್ಲಿ ಕ್ಲೆಟರ್‌ಶ್ಟೈಗ್ ಅಂತಲೂ ಇಟಲಿಯಲ್ಲಿ ವಿಯಾ ಫೆರಾಟಾ ಅಂತಲೂ ಹೇಳುತ್ತಾರೆ. ಎರಡೂ ಒಂದೇ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಆಗುತ್ತದೆ. ಆದರೆ ನೀವು ಹೆದರುತ್ತಿರುವುದು ತಪ್ಪು ಜಾಗಕ್ಕೆ. ಎಲ್ಲರೂ ಹತ್ತುವ ಗೋಡೆಯ ಫೋಟೋ ನೋಡಿ ಹೆದರುತ್ತಾರೆ. ಅಲ್ಲಿ ಕೈಗೆ ಹಗ್ಗ ಇದೆ, ಕಾಲಿಗೆ ಕಬ್ಬಿಣ ಇದೆ, ಮೈಯಲ್ಲಿ ಶಕ್ತಿ ಇದೆ. ತೊಂದರೆ ಶುರುವಾಗುವುದು ಇಳಿಯುವಾಗ. ಕಾಲು ಸೋತಿರುತ್ತದೆ, ಕೆಳಗೆ ಸಡಿಲ ಕಲ್ಲು, ಮನಸ್ಸು ಆಗಲೇ ಕಾಫಿಯ ಕಡೆ ಹೋಗಿರುತ್ತದೆ. ಹಾಗಾಗಿ ಈ ಲೇಖನದಲ್ಲಿ ಇಳಿಯುವುದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ. ದಯವಿಟ್ಟು ಅದನ್ನು ಬಿಟ್ಟು ಓದಬೇಡಿ.

1. ಮೊದಲು ನಿಮ್ಮನ್ನು ನೀವು ಕೇಳಿಕೊಳ್ಳಿ

ಕುಮಾರ ಪರ್ವತ ಹತ್ತಿ ಇಳಿದವರಿಗೆ ಕಾಲಿನ ಶಕ್ತಿ ಧಾರಾಳವಾಗಿ ಸಾಕು. ಇಲ್ಲಿ ಗೊಂಡೊಲಾ, ಅಂದರೆ ತಂತಿಯ ಮೇಲೆ ಹೋಗುವ ಕೇಬಲ್ ಕಾರು, ನಿಮ್ಮನ್ನು ಸುಮಾರು 2050 ಮೀಟರ್ ಎತ್ತರಕ್ಕೆ ತಂದು ಬಿಡುತ್ತದೆ. ನಮ್ಮ ಮುಳ್ಳಯ್ಯನಗಿರಿ 1930 ಮೀಟರ್. ಅಂದರೆ ನೀವು ನಡೆಯಲು ಶುರು ಮಾಡುವ ಜಾಗವೇ ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತ ಮೇಲಿದೆ. ಅಲ್ಲಿಂದ ಹತ್ತಬೇಕಾದದ್ದು 600 ಮೀಟರಿಗೂ ಕಡಿಮೆ. ಹತ್ತಿ ಇಳಿದು ಗೊಂಡೊಲಾಗೆ ವಾಪಸು ಬರಲು ನಾಲ್ಕೂವರೆಯಿಂದ ಐದು ಗಂಟೆ, ನಿಂತು ಕೂತು ಹೋದರೆ ಆರು.

ಆದರೆ ಇಲ್ಲಿ ಶಕ್ತಿಗಿಂತ ಬೇರೆ ಒಂದು ಬೇಕು. ಎರಡು ಕಾಲುಗಳ ನಡುವೆ ಕೆಳಗೆ ನೋಡಿದರೆ ನೂರಾರು ಮೀಟರ್ ಖಾಲಿ ಗಾಳಿ ಕಾಣುತ್ತದೆ. ಅದನ್ನು ನೋಡಿ ಕೈಕಾಲು ಮರಗಟ್ಟುವವರು ಈ ಬೆಟ್ಟಕ್ಕೆ ಈಗಲೇ ಬರಬಾರದು. ಪರೀಕ್ಷಿಸಲು ಸುಲಭದ ದಾರಿ ಇದೆ. ಗೊಂಡೊಲಾ ಇಳಿದ ಕೂಡಲೇ ಆಲ್ಪ್‌ಸ್ಪಿಕ್ಸ್ ಎಂಬ ನೋಡುತಾಣ ಸಿಗುತ್ತದೆ. 2010ರಲ್ಲಿ ಕಟ್ಟಿದ್ದು. ಎರಡು ಉಕ್ಕಿನ ತೋಳುಗಳು ಕಣಿವೆಯ ಮೇಲೆ ಗಾಳಿಗೆ ಚಾಚಿಕೊಂಡಿವೆ. ಕಾಲಡಿ ಜಾಲರಿ, ಜಾಲರಿಯ ಕೆಳಗೆ ಹ್ಯೋಲೆನ್‌ಟಾಲ್ ಕಣಿವೆ. ಒಂದು ಶನಿವಾರ ಬರೀ ಅಲ್ಲಿಗೆ ಹೋಗಿ ಐದು ನಿಮಿಷ ನಿಂತು ನೋಡಿ. ತುದಿಯವರೆಗೆ ಆರಾಮಾಗಿ ಹೋಗಿ ನಿಂತರೆ ಮುಂದಿನದ್ದನ್ನು ಯೋಚಿಸಬಹುದು.

ಕ್ಲೆಟರ್‌ಶ್ಟೈಗ್‌ಗಳ ಕಷ್ಟವನ್ನು ಎ, ಬಿ, ಸಿ ಹೀಗೆ ಅಕ್ಷರಗಳಲ್ಲಿ ಅಳೆಯುತ್ತಾರೆ. ಎ ಅತಿ ಸುಲಭ. ಆಲ್ಪ್‌ಶ್ಪಿಟ್ಸ್ ಫೆರಾಟಾ ಎ ಮತ್ತು ಬಿ ನಡುವೆ ಬರುತ್ತದೆ. ಸಿ ಅಂದರೆ ತೋಳಿನ ಬಲ ಬೇಕು, ಡಿ ದಾಟಿದರೆ ಅದು ಬೇರೆಯೇ ಲೋಕ. ಆದರೆ ಒಂದು ಮಾತು ನೆನಪಿಡಿ. ಈ ಅಕ್ಷರ ಹೇಳುವುದು ಹಗ್ಗದ ದಾರಿಯ ಕಷ್ಟವನ್ನು ಮಾತ್ರ. ಹವಾಮಾನ, ಇಳಿತ, ದಾರಿಯ ಉದ್ದ ಯಾವುದೂ ಅದರಲ್ಲಿ ಸೇರಿಲ್ಲ.

2. ಯಾವಾಗ ಹೋಗಬೇಕು

ಜೂನ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ. ಮೇ ತಿಂಗಳಲ್ಲಿ ಮ್ಯೂನಿಕ್‌ನಲ್ಲಿ ಅರ್ಧ ತೋಳಿನ ಅಂಗಿ ಹಾಕಿ ಓಡಾಡುತ್ತಿರುತ್ತೇವೆ, ಬೆಟ್ಟವೂ ಹಾಗೇ ಇರಬಹುದು ಅಂದುಕೊಳ್ಳುತ್ತೇವೆ. ಇದು ಉತ್ತರದ ಗೋಡೆ. ಬಿಸಿಲು ಕಡಿಮೆ. ಜೂನ್‌ನಲ್ಲೂ ಓರೆ ಜಾಗಗಳಲ್ಲಿ ಹಿಮ ಉಳಿದಿರುತ್ತದೆ. ಗಟ್ಟಿ ಹಿಮದ ಮೇಲೆ ಜಾರಿದರೆ ನಿಲ್ಲಿಸಿಕೊಳ್ಳಲು ಏನೂ ಇಲ್ಲ. ಹಗ್ಗ ಆ ಹಿಮದ ಅಡಿಯಲ್ಲೇ ಹೂತಿರಬಹುದು. ಹೊರಡುವ ಮುಂಚೆ ಗೊಂಡೊಲಾ ಕಂಪನಿಯ ಜಾಲತಾಣದಲ್ಲಿ ದಾರಿ ತೆರೆದಿದೆಯಾ ಅಂತ ನೋಡಿ, ಕ್ಯಾಮೆರಾ ಚಿತ್ರವನ್ನೂ ನೋಡಿ.

ದಿನ ಆರಿಸುವಾಗ ಗುಡುಗು ಮಳೆಯ ಮುನ್ಸೂಚನೆಗೆ ಬೇರೆ ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡಿ. ಬೇಸಿಗೆಯಲ್ಲಿ ಆಲ್ಪ್ಸ್‌ನ ಗುಡುಗು ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಬರುತ್ತದೆ. ನೀವು ಇರುವುದು ನೂರಾರು ಮೀಟರ್ ಉದ್ದದ ಕಬ್ಬಿಣಕ್ಕೆ ಮೈ ಕಟ್ಟಿಕೊಂಡು. ಮಿಂಚು ಹೊಡೆದರೆ ಆ ಹಗ್ಗವೇ ವಿದ್ಯುತ್ತಿನ ತಂತಿ. ಗೋಡೆಯ ಮಧ್ಯದಲ್ಲಿ ಬಿಟ್ಟು ಓಡುವುದಕ್ಕೂ ಆಗುವುದಿಲ್ಲ. ಜರ್ಮನ್ ಹವಾಮಾನ ಇಲಾಖೆಯೂ ಜರ್ಮನ್ ಆಲ್ಪೈನ್ ಕ್ಲಬ್ಬೂ ಬೆಟ್ಟಗಳಿಗೆಂದೇ ಬೇರೆ ಮುನ್ಸೂಚನೆ ಕೊಡುತ್ತವೆ. ಫೋನಿನಲ್ಲಿ ಊರಿನ ಹೆಸರಿಗೆ ಬರುವ ಸೂರ್ಯನ ಚಿತ್ರ ನೋಡಿ ಹೊರಡಬೇಡಿ. ಮಧ್ಯಾಹ್ನ ಗುಡುಗು ಅಂತ ಇದ್ದರೆ ಬೇರೆ ದಿನ ಹೋಗಿ. "ಬೇಗ ಹತ್ತಿ ಇಳಿದುಬಿಡೋಣ" ಅನ್ನುವ ಲೆಕ್ಕ ಮುಂದೆ ಜನರ ಸಾಲು ನಿಂತಾಗ ತಪ್ಪಿಹೋಗುತ್ತದೆ.

ಚಳಿಯ ಲೆಕ್ಕವೂ ಇರಲಿ. ನೂರು ಮೀಟರ್ ಮೇಲೆ ಹೋದ ಹಾಗೆ ಸುಮಾರು ಅರ್ಧದಿಂದ ಮುಕ್ಕಾಲು ಡಿಗ್ರಿ ಕಡಿಮೆಯಾಗುತ್ತದೆ. ಗಾರ್ಮಿಶ್ ಸುಮಾರು 700 ಮೀಟರಿನಲ್ಲಿದೆ. ಅಲ್ಲಿ 22 ಡಿಗ್ರಿ ಇದ್ದರೆ ಶಿಖರದಲ್ಲಿ 10 ಡಿಗ್ರಿ, ಗಾಳಿ ಬೇರೆ.

3. ಏನೇನು ಬೇಕು

ಮೂರು ವಸ್ತು ಇಲ್ಲದೆ ಗೋಡೆಯ ಬುಡಕ್ಕೂ ಹೋಗಬೇಡಿ: ಹೆಲ್ಮೆಟ್, ಹಾರ್ನೆಸ್, ಕ್ಲೆಟರ್‌ಶ್ಟೈಗ್ ಸೆಟ್. ಹೆಲ್ಮೆಟ್ ನೀವು ಬೀಳುವುದಕ್ಕಿಂತ ಮೇಲಿಂದ ಬೀಳುವ ಕಲ್ಲಿಗೆ. ಸೈಕಲ್ಲಿನದ್ದು ಬೇಡ, ಬೆಟ್ಟ ಹತ್ತುವವರದ್ದೇ ಬೇಕು. ಹಾರ್ನೆಸ್ ಅಂದರೆ ಸೊಂಟಕ್ಕೂ ತೊಡೆಗೂ ಕಟ್ಟುವ ಪಟ್ಟಿ.

ಸೆಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಗ್ಲಿಷಿನ ವೈ ಅಕ್ಷರದ ಆಕಾರದ ಪಟ್ಟಿ ಇದು. ಬುಡ ಹಾರ್ನೆಸ್‌ಗೆ, ಎರಡು ತೋಳುಗಳ ತುದಿಯಲ್ಲಿ ಎರಡು ಕ್ಯಾರಬಿನರ್, ಅಂದರೆ ಬಾಗಿಲಿರುವ ಕೊಂಡಿ. ಬುಡದಲ್ಲಿ ಒಂದು ಚಿಕ್ಕ ಚೀಲ ಇರುತ್ತದೆ. ಅದರೊಳಗೆ ಮಡಚಿ ಹೊಲಿದ ಪಟ್ಟಿ. ಬಿದ್ದಾಗ ಆ ಹೊಲಿಗೆ ಒಂದೊಂದಾಗಿ ಹರಿದು ಏಟಿನ ಜೋರನ್ನು ಕಡಿಮೆ ಮಾಡುತ್ತದೆ. ಇದು ಯಾಕೆ ಬೇಕು? ಹಗ್ಗವನ್ನು ಬಂಡೆಗೆ ಕೆಲವು ಮೀಟರಿಗೊಂದು ಗೂಟ ಹೊಡೆದು ಕಟ್ಟಿರುತ್ತಾರೆ. ನೀವು ಬಿದ್ದರೆ ಕೊಂಡಿ ಜಾರಿಕೊಂಡು ಕೆಳಗಿನ ಗೂಟಕ್ಕೆ ಬಡಿದು ನಿಲ್ಲುತ್ತದೆ. ಅಷ್ಟು ದೂರದ ಬೀಳುವಿಕೆ ಒಂದೇ ಕ್ಷಣದಲ್ಲಿ ನಿಂತರೆ ಬೆನ್ನುಮೂಳೆ ತಡೆಯುವುದಿಲ್ಲ, ಪಟ್ಟಿಯೂ ತಡೆಯುವುದಿಲ್ಲ. ಅದಕ್ಕೇ ಬರೀ ಹಗ್ಗದ ತುಂಡಿಗೆ ಎರಡು ಕೊಂಡಿ ಹಾಕಿಕೊಂಡು "ಇದೇ ಸಾಕು" ಅನ್ನುವವರ ಮಾತು ಕೇಳಬೇಡಿ. ಒಮ್ಮೆ ಬಿದ್ದು ಹೊಲಿಗೆ ಹರಿದ ಸೆಟ್ ಮುಗಿಯಿತು, ಎಸೆಯಿರಿ.

ಗೆಳೆಯರ ಮನೆಯ ಅಟ್ಟದಿಂದ ಬಂದ ಹಳೆಯ ಸೆಟ್ ಬೇಡವೇ ಬೇಡ. 2012ರ ನಂತರ ಹಲವು ಕಂಪನಿಗಳು ತಮ್ಮ ಹಳೆಯ ಸೆಟ್‌ಗಳನ್ನು ವಾಪಸು ಕರೆಸಿಕೊಂಡವು. ಈಗಿನ ಯುರೋಪಿನ ಮಾನದಂಡ ಇಎನ್ 958, 2017ರ ಆವೃತ್ತಿ. ಅದರ ಪ್ರಕಾರ ಸೆಟ್ ಸರಿಯಾಗಿ ಕೆಲಸ ಮಾಡುವುದು 40ರಿಂದ 120 ಕೆಜಿ ತೂಕದವರಿಗೆ. 120 ಅಂದರೆ ಚೀಲ, ಬೂಟು ಎಲ್ಲ ಸೇರಿ. 40 ಕೆಜಿಗಿಂತ ಹಗುರ ಇರುವ ಮಕ್ಕಳು ಬಿದ್ದರೆ ಆ ಹೊಲಿಗೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಮೇಲಿಂದ ಹಗ್ಗ ಹಿಡಿಯಲು ಗೊತ್ತಿರುವ ಗೈಡ್ ಜೊತೆ ಹೋಗಿ.

ಮೊದಲ ಸಲಕ್ಕೆ ಎಲ್ಲವನ್ನೂ ಕೊಳ್ಳಬೇಕಿಲ್ಲ. ಬಾಡಿಗೆಗೆ ಸಿಗುತ್ತದೆ. ಆಲ್ಪೈನ್ ಕ್ಲಬ್ಬಿನ ಸದಸ್ಯರಾದರೆ ಇನ್ನೂ ಅಗ್ಗ. 1869ರಲ್ಲಿ ಮ್ಯೂನಿಕ್‌ನಲ್ಲೇ ಹುಟ್ಟಿದ ಸಂಘ ಅದು. ಸದಸ್ಯರಾಗಿ ಅಂತ ನಾನು ಒತ್ತಿ ಹೇಳುವುದಕ್ಕೆ ಬೇರೆ ಕಾರಣವೂ ಇದೆ. ಬೆಟ್ಟದಲ್ಲಿ ರಕ್ಷಣೆಗೆ ತಗಲುವ ಖರ್ಚಿನ ವಿಮೆ ಸದಸ್ಯತ್ವದಲ್ಲೇ ಸೇರಿದೆ. ಊರಿಂದ ವೀಸಾದ ಮೇಲೆ ಬಂದವರು ತಮ್ಮ ಪ್ರವಾಸ ವಿಮೆಯ ಕಾಗದ ತೆಗೆದು ಓದಿ. ಷೆಂಗೆನ್ ವೀಸಾಕ್ಕೆ 30,000 ಯೂರೋದ ವೈದ್ಯಕೀಯ ವಿಮೆ ಕಡ್ಡಾಯ ನಿಜ, ಆದರೆ ಬೆಟ್ಟ ಹತ್ತುವುದನ್ನು ಅದು ಒಳಗೊಂಡಿದೆಯೋ ಇಲ್ಲವೋ ಅನ್ನುವುದು ಸಣ್ಣ ಅಕ್ಷರಗಳಲ್ಲಿ ಇರುತ್ತದೆ.

ಇನ್ನು ಬೂಟು: ಗಟ್ಟಿ ಅಡಿ, ಪಾದದ ಗಂಟು ಮುಚ್ಚುವಂಥದ್ದು. ಕೈಗೆ ಬೆರಳು ತೆರೆದ ಚರ್ಮದ ಗ್ಲೌಸ್. ಹಗ್ಗದ ಎಳೆ ಎಲ್ಲಾದರೂ ಕಿತ್ತಿದ್ದರೆ ಅಂಗೈ ಸೀಳಿಬಿಡುತ್ತದೆ. ಗಾಳಿ-ಮಳೆಯ ಜಾಕೆಟ್, ಒಂದು ಬೆಚ್ಚಗಿನ ಪದರ, ತಲೆಗೆ ಕಟ್ಟುವ ಟಾರ್ಚ್, ಪೂರ್ತಿ ಚಾರ್ಜ್ ಆದ ಫೋನ್. ನೀರು ಕನಿಷ್ಠ ಎರಡು ಲೀಟರ್. ಇದು ಸುಣ್ಣಕಲ್ಲಿನ ಬೆಟ್ಟ, ಮಳೆ ನೀರೆಲ್ಲ ಒಳಗೆ ಇಳಿದು ಹೋಗುತ್ತದೆ, ದಾರಿಯಲ್ಲಿ ತೊಟ್ಟೂ ಸಿಗುವುದಿಲ್ಲ.

ತಿಂಡಿ ಮನೆಯಿಂದಲೇ ಒಯ್ಯಿರಿ. ಚಪಾತಿ ಸುರುಳಿ, ಚಿಕ್ಕಿ, ಖರ್ಜೂರ, ಕೋಡುಬಳೆ ಯಾವುದಾದರೂ ಸರಿ. ಮೊಟ್ಟೆ ತಿನ್ನದವರಿಗೆ ಒಂದು ಸೂಚನೆ: ಬೆಟ್ಟದ ಹೋಟೆಲುಗಳಲ್ಲಿ ಮಾಂಸ ಇಲ್ಲದ ಊಟ ಅಂತ ಕೊಡುವ ಕೈಸರ್‌ಶ್ಮಾರ್ನ್ ಮೊಟ್ಟೆಯಿಂದಲೇ ಮಾಡಿದ್ದು. ಕೇಸೆಶ್ಪೆಟ್ಸ್ಲೆಯ ಹಿಟ್ಟಿಗೂ ಮೊಟ್ಟೆ ಹಾಕುತ್ತಾರೆ.

4. ತಲುಪುವುದು

ಮ್ಯೂನಿಕ್ ಮುಖ್ಯ ನಿಲ್ದಾಣದಿಂದ ಗಾರ್ಮಿಶ್‌ಗೆ ರೈಲಿನಲ್ಲಿ ಒಂದೂಕಾಲು ಗಂಟೆಯ ಮೇಲೆ ಸ್ವಲ್ಪ. ಅಲ್ಲಿಂದ ತ್ಸುಗ್‌ಶ್ಪಿಟ್ಸೆ ಕಡೆಗೆ ಹೋಗುವ ಚಿಕ್ಕ ರೈಲು ಹಿಡಿದು ಕ್ರಾಯ್ಟ್ಸೆಕ್-ಆಲ್ಪ್‌ಶ್ಪಿಟ್ಸ್ ನಿಲ್ದಾಣದಲ್ಲಿ ಇಳಿಯಿರಿ. ಗೊಂಡೊಲಾ ಎದುರಿಗೇ ಇದೆ. ಬಾಯರ್ನ್ ಟಿಕೆಟ್ (ಬವೇರಿಯಾ ರಾಜ್ಯದೊಳಗೆ ಓಡಾಡಲು ಒಂದು ದಿನದ ರೈಲು ಟಿಕೆಟ್) ತೆಗೆದುಕೊಳ್ಳುವವರು ಗಮನಿಸಿ. ವಾರದ ದಿನಗಳಲ್ಲಿ ಅದು ನಡೆಯುವುದು ಬೆಳಿಗ್ಗೆ 9ರ ನಂತರವೇ. ಅಷ್ಟು ತಡವಾಗಿ ಮ್ಯೂನಿಕ್ ಬಿಟ್ಟರೆ ಈ ಬೆಟ್ಟಕ್ಕೆ ಹೊತ್ತು ಮೀರಿತು ಅಂತಲೇ ಅರ್ಥ. ಶನಿವಾರ ಭಾನುವಾರ ಆ ತೊಂದರೆ ಇಲ್ಲ, ಆದರೆ ಜನ ಇರುತ್ತಾರೆ.

ಅಲ್ಲಿ ಎರಡು ಗೊಂಡೊಲಾ ಇವೆ, ಕ್ರಾಯ್ಟ್ಸೆಕ್‌ಗೆ ಒಂದು, ಆಲ್ಪ್‌ಶ್ಪಿಟ್ಸ್ ಕಡೆಗೆ ಒಂದು. ನಿಮಗೆ ಬೇಕಾದದ್ದು ಎರಡನೆಯದು. ಅದು ಓಸ್ಟರ್‌ಫೆಲ್ಡರ್‌ಕೊಪ್ಫ್ ಎಂಬಲ್ಲಿಗೆ ಒಯ್ಯುತ್ತದೆ. ಟಿಕೆಟ್ ಕೊಳ್ಳುವಾಗ "ಇಳಿಯುವಾಗ ಕ್ರಾಯ್ಟ್ಸೆಕ್ ಗೊಂಡೊಲಾದಲ್ಲೂ ಬರಬಹುದೇ" ಅಂತ ಕೇಳಿಕೊಳ್ಳಿ. ಕೊನೆಯ ಗೊಂಡೊಲಾ ಎಷ್ಟಕ್ಕೆ ಅಂತಲೂ ಕೇಳಿ, ಫಲಕದ ಫೋಟೋ ತೆಗೆದಿಟ್ಟುಕೊಳ್ಳಿ. ಆದಷ್ಟೂ ದಿನದ ಮೊದಲ ಗೊಂಡೊಲಾಗಳಲ್ಲೇ ಹತ್ತಿ.

5. ಗೋಡೆಯ ಬುಡದಲ್ಲಿ

ಮೇಲೆ ಇಳಿದ ಮೇಲೆ ಫಲಕ ನೋಡಿಕೊಂಡು ಹದಿನೈದು ಇಪ್ಪತ್ತು ನಿಮಿಷ ನಡೆದರೆ ಗೋಡೆ ಸಿಗುತ್ತದೆ. ಫಲಕಗಳಲ್ಲಿ ನೋರ್ಡ್‌ವಾಂಡ್‌ಶ್ಟೈಗ್, ರಿಂಡರ್‌ಶಾರ್ಟೆ ಎಂಬ ಹೆಸರುಗಳೂ ಇರುತ್ತವೆ. ಮೊದಲನೆಯದು ನೀವು ವಾಪಸು ಬರುವ ದಾರಿ. ಎರಡನೆಯದು ಹ್ಯೋಲೆನ್‌ಟಾಲ್ ಕಣಿವೆಗೆ ಇಳಿದುಹೋಗುತ್ತದೆ. ನಿಮ್ಮದು ಫೆರಾಟಾ ಅಂತ ಬರೆದದ್ದು.

ಸಾಮಾನು ತೊಡುವುದು ಸಾಲಿನಲ್ಲಿ ನಿಂತ ಮೇಲಲ್ಲ, ಅದಕ್ಕೂ ಮುಂಚೆ ಸಮತಟ್ಟಾದ ಜಾಗದಲ್ಲಿ. ಹಾರ್ನೆಸ್‌ನ ಬಕಲ್ ಬಿಗಿಯಾಗಿದೆಯಾ, ಸೆಟ್‌ನ ಬುಡದ ಕುಣಿಕೆ ಹಾರ್ನೆಸ್‌ನ ಸರಿಯಾದ ಬಳೆಗೆ ಸೇರಿದೆಯಾ ಅಂತ ಒಬ್ಬರದ್ದನ್ನು ಇನ್ನೊಬ್ಬರು ಕೈಯಿಂದ ಎಳೆದು ನೋಡಿ. ನೀವೇ ನೋಡಿಕೊಂಡದ್ದು ಲೆಕ್ಕಕ್ಕಿಲ್ಲ. ಚೀಲದ ಹೊರಗೆ ನೇತಾಡುವ ಬಾಟಲಿ, ಕ್ಯಾಮೆರಾ ಎಲ್ಲ ಒಳಗೆ ಹೋಗಲಿ. ಅವು ಬಿದ್ದರೆ ಕೆಳಗಿನವರ ತಲೆ ಮೇಲೆ ಬೀಳುತ್ತವೆ.

6. ಹತ್ತುವುದು

ಶುರುವಿನಲ್ಲೇ ನೆಟ್ಟಗಿನ ಬಂಡೆಗೆ ಸಾಲಾಗಿ ಬಡಿದ ಕಬ್ಬಿಣದ ಮೆಟ್ಟಿಲುಗಳು ಸಿಗುತ್ತವೆ. ಇಡೀ ದಾರಿಯಲ್ಲಿ ಹೆದರಿಕೆ ಹುಟ್ಟಿಸುವ ಜಾಗಗಳಲ್ಲಿ ಇದೊಂದು, ಅದೂ ಮೊದಲಿಗೇ. ಇದು ನನ್ನ ಪ್ರಕಾರ ಒಳ್ಳೆಯದೇ ಆಯಿತು. ಇಲ್ಲಿ ಆಗುವುದಿಲ್ಲ ಅನ್ನಿಸಿದರೆ ಹಿಂದಿರುಗುವುದು ಸುಲಭ. ಮೇಲೆ ಹೋದ ಮೇಲೆ, ಹಿಂದೆ ಜನ ಬರುತ್ತಿರುವಾಗ, ಅದೇ ದಾರಿಯಲ್ಲಿ ಇಳಿಯುವುದು ಅಪಾಯ.

ನಿಯಮಗಳು ಕಡಿಮೆ, ಆದರೆ ಒಂದನ್ನೂ ಬಿಡುವಂತಿಲ್ಲ.

ಎರಡೂ ಕೊಂಡಿಗಳು ಯಾವಾಗಲೂ ಹಗ್ಗದ ಮೇಲಿರಬೇಕು. ಗೂಟ ಬಂದಾಗ ಒಂದನ್ನು ಬಿಚ್ಚಿ ಗೂಟದ ಆಚೆ ಹಾಕಿ, ಅದು ಕ್ಲಿಕ್ ಅಂದ ಮೇಲೆ ಇನ್ನೊಂದನ್ನು ಬಿಚ್ಚಿ. ಎರಡೂ ಒಟ್ಟಿಗೆ ಹೊರಗೆ ಇರುವ ಒಂದು ಕ್ಷಣವೂ ಬರಬಾರದು. ಸುಲಭದ ಜಾಗದಲ್ಲಿ ನಾಲ್ಕು ಹೆಜ್ಜೆಗೆ ಯಾಕೆ ಅಂತ ಬಿಟ್ಟುಬಿಡುವ ಆಸೆ ಹುಟ್ಟುತ್ತದೆ. ಬೇಡ.

ಎರಡು ಗೂಟಗಳ ನಡುವಿನ ಹಗ್ಗದಲ್ಲಿ ಒಬ್ಬರೇ ಇರಬೇಕು. ಮೇಲಿನವರು ಬಿದ್ದರೆ ನೇರ ನಿಮ್ಮ ಮೇಲೆ ಬರುತ್ತಾರೆ. ಹಿಂದಿನವರು ಅವಸರ ಮಾಡಿದರೆ ಅಗಲ ಇರುವ ಕಡೆ ನಿಂತು ದಾರಿ ಬಿಡಿ. "ಬಿಟ್ಟೆ" (ಜರ್ಮನ್‌ನಲ್ಲಿ "ದಯವಿಟ್ಟು") ಅನ್ನುತ್ತಾ ಕೈ ತೋರಿಸಿದರೆ ಸಾಕು, ಹೋಗುತ್ತಾರೆ.

ಭಾರವೆಲ್ಲ ಕಾಲಿನ ಮೇಲಿರಲಿ. ಹೊಸಬರು ಹಗ್ಗ ಹಿಡಿದು ತೋಳಿನಿಂದ ಮೈಯನ್ನು ಎಳೆಯುತ್ತಾರೆ, ಅರ್ಧ ಗಂಟೆಗೆ ಮುಂಗೈ ಕಲ್ಲಾಗುತ್ತದೆ. ಕಾಲಿಡುವ ಜಾಗ ಮೊದಲು ನೋಡಿ, ಕಾಲಿನಿಂದ ಎದ್ದು ನಿಲ್ಲಿ, ಕೈ ಬರೀ ಸಮತೋಲಕ್ಕೆ. ಸುಸ್ತಾದರೆ ಗೂಟಕ್ಕೆ ಚಿಕ್ಕ ಪಟ್ಟಿ ಹಾಕಿ ನೇತಾಡಿ ವಿಶ್ರಾಂತಿ ತೆಗೆದುಕೊಳ್ಳಿ. ಹಲವು ಸೆಟ್‌ಗಳಲ್ಲಿ ಇದಕ್ಕೆಂದೇ ನಡುವೆ ಒಂದು ಕುಣಿಕೆ ಇರುತ್ತದೆ.

ಕಲ್ಲು ಜಾರಿಸಿದರೆ "ಶ್ಟೈನ್!" ಅಂತ ಜೋರಾಗಿ ಕೂಗಿ. ಮೇಲಿಂದ ಆ ಕೂಗು ಕೇಳಿದರೆ ತಲೆ ಎತ್ತಿ ನೋಡಬೇಡಿ, ಬಂಡೆಗೆ ಅಂಟಿಕೊಂಡು ನಿಲ್ಲಿ.

ಮೆಟ್ಟಿಲುಗಳ ನಂತರ ಗೋಡೆ ಸ್ವಲ್ಪ ಮಲಗುತ್ತದೆ. ಓರೆ ಬಂಡೆ, ಗೂಟ, ಮತ್ತೆ ಮೆಟ್ಟಿಲು, ಹೀಗೆ ಹೋಗುತ್ತಾ ಸುಮಾರು ಎರಡು ಗಂಟೆಗೆ ಶಿಖರ. ಬೆಳಿಗ್ಗೆ ಇಡೀ ಗೋಡೆ ನೆರಳಿನಲ್ಲಿ ಇರುವುದರಿಂದ ಜುಲೈನಲ್ಲೂ ಕಬ್ಬಿಣ ತಣ್ಣಗೆ ಕೊರೆಯುತ್ತದೆ. ಬೆಚ್ಚಗಿನ ಪದರ ಚೀಲದ ಮೇಲ್ಗಡೆ ಇರಲಿ.

7. ಶಿಖರದಲ್ಲಿ

ಶಿಲುಬೆ ಇರುವ ಚಿಕ್ಕ ಜಾಗ. ತ್ಸುಗ್‌ಶ್ಪಿಟ್ಸೆ, ಅದರ ಮಡಿಲಿನ ಹಿಮನದಿ, ಕೆಳಗೆ ಗಾರ್ಮಿಶ್ ಎಲ್ಲ ಕಾಣುತ್ತದೆ. ಹಳದಿ ಕೊಕ್ಕಿನ ಕಪ್ಪು ಹಕ್ಕಿಗಳು ತಿಂಡಿಗೆ ಹತ್ತಿರವೇ ಬರುತ್ತವೆ, ಹಾಕಬೇಡಿ. ತ್ಸುಗ್‌ಶ್ಪಿಟ್ಸೆ ಕಡೆಗೆ ಹೋಗುವ ಏಣು ನೋಡಿ "ಅಲ್ಲಿಗೂ ಹೋಗಬಹುದಲ್ವಾ" ಅನ್ನಿಸುತ್ತದೆ. ಅದು ಯೂಬಿಲೇಯುಮ್ಸ್‌ಗ್ರಾಟ್, ಬಂಡೆ ಹತ್ತುವುದರಲ್ಲಿ ಪಳಗಿದವರಿಗೂ ಇಡೀ ದಿನದ ಕೆಲಸ. ನೋಡಿ ಸಂತೋಷಪಡಿ, ಅಷ್ಟೇ.

ಹಾರ್ನೆಸ್ ಮತ್ತು ಹೆಲ್ಮೆಟ್ ಬಿಚ್ಚಬೇಡಿ. ಇಳಿಯಲು ಇನ್ನೂ ಬೇಕು.

8. ಇಳಿಯುವುದು

ಹತ್ತಿದ ದಾರಿಯಲ್ಲಿ ಇಳಿಯಬೇಡಿ; ಮೇಲೆ ಬರುವವರಿಗೂ ನಿಮಗೂ ಕಷ್ಟ. ಪೂರ್ವದ ಏಣಿನ ಕಡೆ ಗುರುತು ಹಿಡಿದು ಇಳಿಯಿರಿ. ಈ ಕಡೆ ಬಂಡೆ ಮಲಗಿದೆ, ಫೋಟೋದಲ್ಲಿ ಸುಲಭ ಅನ್ನಿಸುತ್ತದೆ. ಮೋಸ ಇರುವುದು ಇಲ್ಲೇ. ಓರೆ ಬಂಡೆಯ ಮೇಲೆ ಸಣ್ಣ ಜಲ್ಲಿ ಹರಡಿಕೊಂಡಿರುತ್ತದೆ. ರಾಗಿ ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ ಕಾಲು ಜಾರುತ್ತದೆ. ಹಗ್ಗ ಅಲ್ಲಲ್ಲಿ ಮಾತ್ರ ಇದೆ. ಹಗ್ಗ ಇರುವ ಕಡೆ ಕೊಂಡಿ ಹಾಕಿ. ಇಲ್ಲದ ಕಡೆ ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ಸ್ವಲ್ಪ ಬಾಗಿರಲಿ, ಪೂರ್ತಿ ಪಾದ ಊರಿ. ಹೆದರಿ ಹಿಂದಕ್ಕೆ ವಾಲಿದರೆ ಇನ್ನೂ ಬೇಗ ಜಾರುತ್ತದೆ. ಮಾತಾಡಬೇಕೆನಿಸಿದರೆ ನಿಂತು ಮಾತಾಡಿ. ಫೋಟೋ ಕೂಡ ನಿಂತ ಮೇಲೆ.

ಮುಂದಿನವರ ಗುಂಪನ್ನು ಕಣ್ಣು ಮುಚ್ಚಿ ಹಿಂಬಾಲಿಸುವುದು ಇನ್ನೊಂದು ತಪ್ಪು. ಕೆಳಗೆ ಓಬರ್‌ಕಾರ್ ಎಂಬ ಬಟ್ಟಲಿನ ಆಕಾರದ ಜಾಗ ಬರುತ್ತದೆ. ಅಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ನೋರ್ಡ್‌ವಾಂಡ್‌ಶ್ಟೈಗ್, ಅದು ಓಸ್ಟರ್‌ಫೆಲ್ಡರ್‌ಕೊಪ್ಫ್‌ಗೆ ಒಯ್ಯುತ್ತದೆ. ಕೆಳಗೆ ಹೋಗುವುದು ಬೆರ್ನಾಡೈನ್ ಕಡೆಗೆ, ಅಲ್ಲಿಂದ ಕ್ರಾಯ್ಟ್ಸೆಕ್‌ಗೆ, ದಾರಿ ಉದ್ದ. ಮುಂದಿನ ಗುಂಪಿನವರು ಅಲ್ಲಿ ಹೋಗಬೇಕಾದವರೇ ಇರಬಹುದು. ಫಲಕ ಓದಿ, ನಿಮ್ಮದು ಎಡಕ್ಕೆ.

ನೋರ್ಡ್‌ವಾಂಡ್‌ಶ್ಟೈಗ್ ಗೋಡೆಯ ಬುಡದಲ್ಲಿ ಅಡ್ಡಕ್ಕೆ ಕೊರೆದ ದಾರಿ. ಹಗ್ಗ ಇದೆ, ಬಂಡೆ ಕೊರೆದು ಮಾಡಿದ ಸುರಂಗಗಳೂ ಇವೆ. ಕಷ್ಟವೇನಿಲ್ಲ. ಆದರೆ ಒಂದು ಕಡೆ ಆಳ ಇದೆ, ನೀವು ದಣಿದಿದ್ದೀರಿ. ಕೊಂಡಿ ಹಾಕಿಕೊಂಡೇ ನಡೆಯಿರಿ. ಸುರಂಗದಲ್ಲಿ ಟಾರ್ಚ್ ಹಾಕಿ, ಹೆಲ್ಮೆಟ್ ಇರಲಿ. ಶಿಖರದಿಂದ ಗೊಂಡೊಲಾವರೆಗೆ ಎರಡು ಗಂಟೆ ಇಟ್ಟುಕೊಳ್ಳಿ, ಹೊಸಬರಾದರೆ ಎರಡೂವರೆ.

9. ಏನಾದರೂ ಆದರೆ

112ಕ್ಕೆ ಕರೆ ಮಾಡಿ. ಅಲ್ಲಿಂದ ಬೆಟ್ಟದ ರಕ್ಷಣಾ ಪಡೆ ಬರ್ಗ್‌ವಾಖ್ಟ್‌ಗೆ ಸುದ್ದಿ ಹೋಗುತ್ತದೆ. ಜರ್ಮನ್ ಬಾರದಿದ್ದರೆ ಇಂಗ್ಲಿಷಿನಲ್ಲಿ ಹೇಳಿ: ಎಲ್ಲಿ, ಏನಾಯಿತು, ಎಷ್ಟು ಜನ. "ಆಲ್ಪ್‌ಶ್ಪಿಟ್ಸ್ ಫೆರಾಟಾ" ಅಥವಾ "ಪೂರ್ವದ ಏಣು" ಎಂದು ದಾರಿಯ ಹೆಸರನ್ನೇ ಹೇಳಿ, ಬರೀ ಬೆಟ್ಟದ ಹೆಸರು ಸಾಲದು. ಫೋನ್ ಹತ್ತದಿದ್ದರೆ ಕೂಗು, ಸೀಟಿ ಅಥವಾ ಟಾರ್ಚ್‌ನಿಂದ ನಿಮಿಷಕ್ಕೆ ಆರು ಸಲ ಸಂಕೇತ ಕೊಡಿ, ಒಂದು ನಿಮಿಷ ಬಿಡಿ, ಮತ್ತೆ ಕೊಡಿ. ಉತ್ತರವಾಗಿ ನಿಮಿಷಕ್ಕೆ ಮೂರು ಸಲ ಬಂದರೆ ನಿಮ್ಮದು ತಲುಪಿದೆ. ಆಲ್ಪ್ಸ್‌ನಲ್ಲೆಲ್ಲ ಇದೇ ಸಂಕೇತ. ಗಾಯವೇ ಆಗಬೇಕೆಂದಿಲ್ಲ. ಹೆದರಿಕೆಯಿಂದ ಮುಂದೆ ಹೋಗಲೂ ಆಗದೆ ಹಿಂದೆ ಬರಲೂ ಆಗದೆ ನಿಂತವರೂ ಕರೆ ಮಾಡಬಹುದು, ಮಾಡಬೇಕು.

10. ಕೊನೆಯ ಗೊಂಡೊಲಾ ತಪ್ಪಿಹೋದರೆ

ಗಾಬರಿಯಾಗಿ ಕಲ್ಲಿನ ಮೇಲೆ ಓಡಬೇಡಿ. ಬೆಟ್ಟದಿಂದ ಊರಿಗೆ ನಡೆದೇ ಇಳಿಯಬಹುದು. ಓಸ್ಟರ್‌ಫೆಲ್ಡರ್‌ಕೊಪ್ಫ್‌ನಿಂದ ಹೋಖ್‌ಆಲ್ಮ್, ಅಲ್ಲಿಂದ ಕ್ರಾಯ್ಟ್ಸೆಕ್, ಅಲ್ಲಿಂದ ಕಾಡಿನ ರಸ್ತೆ. ಒಟ್ಟು 1300 ಮೀಟರ್ ಇಳಿತ, ಸುಮಾರು ಮೂರು ಗಂಟೆ. ಹೋಖ್‌ಆಲ್ಮ್‌ವರೆಗೆ ದಾರಿ ಸ್ವಲ್ಪ ಕಡಿದು, ಅದನ್ನು ಬೆಳಕಿರುವಾಗಲೇ ಮುಗಿಸಿ. ಕ್ರಾಯ್ಟ್ಸೆಕ್ ಗೊಂಡೊಲಾದ ಕೊನೆಯ ಸಮಯ ಬೇರೆ ಇರಬಹುದು, ಬೆಳಿಗ್ಗೆ ತೆಗೆದ ಫಲಕದ ಫೋಟೋ ನೋಡಿ. ಅದೂ ಮುಗಿದಿದ್ದರೆ ಟಾರ್ಚ್ ಹಾಕಿಕೊಂಡು ಅಗಲವಾದ ರಸ್ತೆಯಲ್ಲೇ ಇಳಿಯಿರಿ, ಕಾಡಿನ ಒಳದಾರಿ ಹಿಡಿಯಬೇಡಿ. ಗಾರ್ಮಿಶ್‌ನಿಂದ ಮ್ಯೂನಿಕ್‌ಗೆ ರಾತ್ರಿಯ ಕೊನೆಯ ರೈಲು ಎಷ್ಟಕ್ಕೆ ಅಂತ ಮನೆ ಬಿಡುವಾಗಲೇ ಬರೆದಿಟ್ಟುಕೊಂಡಿರಿ.